ಮೂಲ ಕೇಳುವ ಮಕ್ಕಳು



ಪ್ರತಿ ನವೆಂಬರಿನಲ್ಲಿ ಹೊರನಾಡಿನ ಕನ್ನಡ ವೇದಿಕೆಗಳ ಮೇಲೆ ಮಕ್ಕಳು ಭಾಷಣ ಮಾಡುತ್ತಾರೆ. ಆ ಭಾಷಣಗಳಲ್ಲಿ ಒಂದು ವಾಕ್ಯ ವರ್ಷ ವರ್ಷವೂ ಮರಳಿ ಬರುತ್ತದೆ: ವಿದೇಶಿಯೊಬ್ಬರು ನಿಘಂಟು ರಚಿಸಿಕೊಟ್ಟ ಏಕೈಕ ಭಾರತೀಯ ಭಾಷೆ ಕನ್ನಡ. ಸಭೆ ಚಪ್ಪಾಳೆ ತಟ್ಟುತ್ತದೆ. ತಾಯಿತಂದೆಯರು ಫೋನಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಾರೆ. ಆ ವಾಕ್ಯ ಇನ್ನೂ ಹತ್ತು ಮನೆಗಳಿಗೆ ಹರಡುತ್ತದೆ.

ಅದರ ಅರ್ಧ ನಿಜ. ಜರ್ಮನಿಯ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಭಾರತಕ್ಕೆ ಬಂದರು. ದಶಕಗಳ ದುಡಿಮೆಯ ಫಲವಾಗಿ, ಸುಮಾರು 70 ಸಾವಿರ ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂದಿತು. ಆದರೆ ‘ಏಕೈಕ’ ಎಂಬ ಮಾತು ನಿಲ್ಲುವುದಿಲ್ಲ. ಮೋಲ್ಸ್‌ವರ್ತ್ ಅವರ ಮರಾಠಿ ನಿಘಂಟು 1831ರಲ್ಲೇ ಬಂದಿತ್ತು. ಸಿ.ಪಿ. ಬ್ರೌನ್ ಅವರ ತೆಲುಗು ನಿಘಂಟು 1852ರದು. ವಿನ್ಸ್‌ಲೋ ಅವರ ತಮಿಳು ನಿಘಂಟು 1862ರದು. ಕಿಟೆಲರಂತೆಯೇ ಬಾಸೆಲ್ ಮಿಶನ್ನಿಗೆ ಸೇರಿದ್ದ ಹರ್ಮನ್ ಗುಂಡರ್ಟ್ 1872ರಲ್ಲಿ ಮಲಯಾಳಂ ನಿಘಂಟನ್ನು ಪ್ರಕಟಿಸಿದ್ದರು. ಕನ್ನಡದಲ್ಲೂ ಕಿಟೆಲ್ ಮೊದಲಿಗರಲ್ಲ. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೇ ಮದರಾಸಿನಲ್ಲಿ ಅಚ್ಚಾಗಿತ್ತು.

ವೇದಿಕೆಯ ಮೇಲೆ ನಿಂತ ಮಗು ಸುಳ್ಳು ಹೇಳಲಿಲ್ಲ. ಅದು ಗೂಗಲಿನಲ್ಲಿ ಹುಡುಕಿತು. ಐದು ಪುಟಗಳನ್ನು ತೆರೆಯಿತು. ಐದರಲ್ಲೂ ಅದೇ ಮಾತಿತ್ತು. ಐದು ಸಾಕ್ಷಿಗಳು ಒಂದೇ ಮಾತು ಹೇಳಿದಾಗ ಹನ್ನೆರಡು ವರ್ಷದ ಮಗು ನಂಬದಿರಲು ಕಾರಣವೇನು? ಅವು ಐದು ಸಾಕ್ಷಿಗಳಲ್ಲ, ಒಂದೇ ಮಾತಿನ ಐದು ನಕಲುಗಳು ಎಂಬುದನ್ನು ಆ ಮಗುವಿಗೆ ಯಾರೂ ಕಲಿಸಿರಲಿಲ್ಲ. ಇಂದಿನ ಉಪನ್ಯಾಸದ ವಿಷಯ ಈ ಕಲಿಕೆಯೇ. ಅಮೆರಿಕದಲ್ಲಿ ಮಿಡಲ್ ಸ್ಕೂಲ್ ಎಂದು ಕರೆಯುವ ಆರರಿಂದ ಎಂಟನೆಯ ತರಗತಿಯ, ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಅಂತರ್ಜಾಲದಲ್ಲಿ ನಂಬತಕ್ಕ ಆಕರಗಳನ್ನು ಹುಡುಕಲು ಹೇಗೆ ಕಲಿಸಬೇಕು? ಈ ಕೆಲಸದಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು?

ಈ ವಯಸ್ಸಿನ ಮಹತ್ವವನ್ನು ಮೊದಲು ಗಮನಿಸಬೇಕು. ಪಠ್ಯಪುಸ್ತಕವನ್ನು ಬಿಟ್ಟು ಸ್ವತಂತ್ರವಾಗಿ ಮಾಹಿತಿ ಹುಡುಕಿ ಬರೆಯುವ ‘ಪ್ರಾಜೆಕ್ಟ್’ಗಳು ಗಂಭೀರವಾಗಿ ಆರಂಭವಾಗುವುದು ಈ ತರಗತಿಗಳಲ್ಲಿ. ಹಲವು ಮಕ್ಕಳ ಕೈಗೆ ಸ್ವಂತ ಫೋನು ಬರುವುದೂ ಇದೇ ವಯಸ್ಸಿನಲ್ಲಿ. ಸಾಧನವನ್ನು ಬಳಸುವ ಚುರುಕು ಮಕ್ಕಳಲ್ಲಿ ಹಿರಿಯರಿಗಿಂತ ಹೆಚ್ಚಾಗಿರುತ್ತದೆ. ಆ ಚುರುಕನ್ನು ಕಂಡ ಹಿರಿಯರು ಮಕ್ಕಳಿಗೆ ವಿವೇಚನೆಯೂ ಬಂದಿದೆ ಎಂದು ತಪ್ಪು ತಿಳಿಯುತ್ತಾರೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇತಿಹಾಸ ಶಿಕ್ಷಣ ತಂಡವು 2016ರಲ್ಲಿ ಪ್ರಕಟಿಸಿದ ವರದಿ ಈ ಭ್ರಮೆಯನ್ನು ಕಳೆಯಿತು. ಸ್ಯಾಮ್ ವೈನ್‌ಬರ್ಗ್ ಅವರ ನೇತೃತ್ವದ ಈ ತಂಡ ಅಮೆರಿಕದ 12 ರಾಜ್ಯಗಳ ವಿದ್ಯಾರ್ಥಿಗಳಿಂದ 7,804 ಉತ್ತರಗಳನ್ನು ಸಂಗ್ರಹಿಸಿತ್ತು. ಮಿಡಲ್ ಸ್ಕೂಲ್ ಮಕ್ಕಳಿಗೆ ಕೊಟ್ಟ ಒಂದು ಪರೀಕ್ಷೆ ಸುದ್ದಿತಾಣವೊಂದರ ಮುಖಪುಟಕ್ಕೆ ಸಂಬಂಧಿಸಿದ್ದು. ಯಾವುದು ಸುದ್ದಿ, ಯಾವುದು ಜಾಹೀರಾತು ಎಂದು ಅವರು ಗುರುತಿಸಬೇಕಿತ್ತು. ‘ಪ್ರಾಯೋಜಿತ’ ಎಂಬ ಪಟ್ಟಿಯನ್ನು ಸ್ಪಷ್ಟವಾಗಿ ಹೊತ್ತಿದ್ದ ಜಾಹೀರಾತನ್ನು ಶೇಕಡ 80ಕ್ಕೂ ಹೆಚ್ಚು ಮಕ್ಕಳು ನಿಜವಾದ ಸುದ್ದಿಯೆಂದೇ ಭಾವಿಸಿದರು. ಮಕ್ಕಳಿಗೆ ಓದಲು ಬರುತ್ತಿತ್ತು. ಪ್ರಾಯೋಜಿತ ಎಂದರೆ ಯಾರೋ ಹಣ ಕೊಟ್ಟು ಬರೆಸಿದ್ದು ಎಂಬುದು ತಿಳಿದಿರಲಿಲ್ಲ.

ಇದಕ್ಕೂ ಹಿಂದೆ, ಕನೆಕ್ಟಿಕಟ್ ವಿಶ್ವವಿದ್ಯಾಲಯದ ಡೊನಾಲ್ಡ್ ಲ್ಯೂ ಮತ್ತು ಸಂಗಡಿಗರು 25 ಮಂದಿ ಏಳನೆಯ ತರಗತಿಯ ಮಕ್ಕಳಿಗೆ ಒಂದು ಜಾಲತಾಣವನ್ನು ತೋರಿಸಿದ್ದರು. ಮರದ ಮೇಲೆ ವಾಸಿಸುವ, ಅಳಿವಿನಂಚಿನಲ್ಲಿರುವ ಆಕ್ಟೋಪಸ್ ಕುರಿತ ತಾಣ ಅದು. 1998ರಲ್ಲಿ ಯಾರೋ ತಮಾಷೆಗೆಂದು ನಿರ್ಮಿಸಿದ್ದು. ಚಿತ್ರಗಳು, ವೈಜ್ಞಾನಿಕ ಹೆಸರು, ಸಂರಕ್ಷಣೆಯ ಮನವಿ ಎಲ್ಲವೂ ಅದರಲ್ಲಿದ್ದವು. ಬಹುತೇಕ ಎಲ್ಲ ಮಕ್ಕಳೂ ಅದನ್ನು ನಂಬಿದರು. ಕಟ್ಟುಕತೆ ಎಂದು ಹೇಳಿದ ಮೇಲೂ ಕೆಲವರು ಒಪ್ಪಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಮಕ್ಕಳಿಗೆ ಗೊತ್ತಿರಬಹುದು. ಆದರೆ ಹಾಲನ್ನು ಪರೀಕ್ಷಿಸುವ ಬಗೆ ಗಾದೆಯಲ್ಲಿಲ್ಲ.

ಪರೀಕ್ಷಿಸುವ ಬಗೆಯನ್ನು ಶಾಲೆಗಳು ಕಲಿಸಲಿಲ್ಲವೆಂದಲ್ಲ. ಕಲಿಸಿದ ಬಗೆಯಲ್ಲಿಯೇ ದೋಷವಿತ್ತು. ಬಹುಕಾಲ ತರಗತಿಗಳಲ್ಲಿ ನಡೆದದ್ದು ಪ್ರಶ್ನಾವಳಿಯ ಪದ್ಧತಿ. ಕ್ಯಾಲಿಫೋರ್ನಿಯಾದ ಚೀಕೋ ನಗರದ ವಿಶ್ವವಿದ್ಯಾಲಯ ಗ್ರಂಥಾಲಯದಲ್ಲಿ 2004ರಲ್ಲಿ ರೂಪುಗೊಂಡ ಇಂಥದೊಂದು ಪಟ್ಟಿ ಅತ್ಯಂತ ಜನಪ್ರಿಯವಾಯಿತು. ಪುಟ ಇತ್ತೀಚಿನದೇ? ವಿಷಯಕ್ಕೆ ಸಂಬಂಧಿಸಿದ್ದೇ? ಲೇಖಕರ ಅರ್ಹತೆಯೇನು? ಬರಹ ನಿಖರವೇ? ಉದ್ದೇಶವೇನು? ಪ್ರಶ್ನೆಗಳು ಒಳ್ಳೆಯವೇ. ಆದರೆ ಮಗು ಅವುಗಳಿಗೆ ಉತ್ತರವನ್ನು ಅದೇ ಪುಟದಲ್ಲಿ ಹುಡುಕುತ್ತದೆ. ಕಳ್ಳನ ಬಳಿಗೇ ಹೋಗಿ ನಡತೆಯ ಪ್ರಮಾಣಪತ್ರ ಕೇಳಿದಂತೆ ಇದು. ‘ನಮ್ಮ ಬಗ್ಗೆ’ ಎಂಬ ಪುಟದಲ್ಲಿ ಯಾವ ತಾಣವೂ ತನ್ನನ್ನು ತಾನು ಹಳಿದುಕೊಳ್ಳುವುದಿಲ್ಲ. ಮರದ ಆಕ್ಟೋಪಸ್ಸಿನ ತಾಣವೂ ಈ ಪ್ರಶ್ನಾವಳಿಯನ್ನು ಬಹುಮಟ್ಟಿಗೆ ದಾಟಿಬಿಡುತ್ತದೆ. ‘ಡಾಟ್ ಆರ್ಗ್’ ಎಂದು ಕೊನೆಗೊಳ್ಳುವ ವಿಳಾಸ ನಂಬಿಕೆಗೆ ಅರ್ಹವೆಂದು ಹಲವು ತರಗತಿಗಳಲ್ಲಿ ಈಗಲೂ ಹೇಳಿಕೊಡುತ್ತಾರೆ. ಆ ವಿಳಾಸವನ್ನು ಅಲ್ಪ ಶುಲ್ಕ ಕೊಟ್ಟು ಯಾರು ಬೇಕಾದರೂ ಪಡೆಯಬಹುದು.

ಸ್ಟ್ಯಾನ್‌ಫರ್ಡಿನ ಇನ್ನೊಂದು ಅಧ್ಯಯನ ಈ ದೋಷವನ್ನು ಬಯಲಿಗೆ ತಂದಿತು. 2017ರಲ್ಲಿ ವೈನ್‌ಬರ್ಗ್ ಮತ್ತು ಸಾರಾ ಮ್ಯಾಗ್ರೂ ಅವರು ಹತ್ತು ಮಂದಿ ಡಾಕ್ಟರೇಟ್ ಪಡೆದ ಇತಿಹಾಸಕಾರರು, 25 ಮಂದಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಹಾಗೂ ಸುದ್ದಿಸಂಸ್ಥೆಗಳಲ್ಲಿ ಸತ್ಯಶೋಧನೆಯನ್ನೇ ವೃತ್ತಿಯಾಗಿಸಿಕೊಂಡ ಹತ್ತು ಮಂದಿಯ ಓದಿನ ಕ್ರಮಗಳನ್ನು ಹೋಲಿಸಿದರು. ಮಕ್ಕಳ ವೈದ್ಯರ ಎರಡು ಸಂಘಟನೆಗಳ ಪುಟಗಳು ಅವರ ಮುಂದಿದ್ದವು. ಒಂದು 1930ರಲ್ಲಿ ಸ್ಥಾಪನೆಯಾದ, 60 ಸಾವಿರಕ್ಕೂ ಹೆಚ್ಚು ಸದಸ್ಯರುಳ್ಳ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್. ಇನ್ನೊಂದು, ಸಲಿಂಗಿ ದಂಪತಿಗಳು ಮಕ್ಕಳನ್ನು ದತ್ತು ಪಡೆಯುವುದನ್ನು ವಿರೋಧಿಸಿ 2002ರಲ್ಲಿ ಅದರಿಂದ ಸಿಡಿದು ಹೊರಬಂದ, ಕೆಲವೇ ನೂರು ಸದಸ್ಯರ ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಶಿಯನ್ಸ್. ಎರಡರ ಹೆಸರೂ ಗಂಭೀರ, ಎರಡರ ಪುಟವೂ ಅಚ್ಚುಕಟ್ಟು. ವಿದ್ಯಾರ್ಥಿಗಳಲ್ಲಿ ಹಲವರು, ಇತಿಹಾಸಕಾರರಲ್ಲೂ ಕೆಲವರು ಎಡವಿದರು. ಅವರು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಶ್ರದ್ಧೆಯಿಂದ ಓದಿದರು, ಲಾಂಛನವನ್ನು ನೋಡಿದರು, ಅಡಿಟಿಪ್ಪಣಿಗಳನ್ನು ಎಣಿಸಿದರು. ಸತ್ಯಶೋಧಕರು ಪುಟವನ್ನು ಓದಲೇ ಇಲ್ಲ. ಕೆಲವೇ ಕ್ಷಣಗಳಲ್ಲಿ ಅದನ್ನು ಬಿಟ್ಟು ಪಕ್ಕದಲ್ಲಿ ಹೊಸ ಟ್ಯಾಬುಗಳನ್ನು ತೆರೆದು, ಆ ಸಂಘಟನೆಯ ಬಗ್ಗೆ ಬೇರೆಯವರು ಏನು ಹೇಳಿದ್ದಾರೆಂದು ನೋಡಿದರು.

ಇದನ್ನು ಕನ್ನಡದಲ್ಲಿ ‘ಅಡ್ಡ ಓದು’ ಎನ್ನಬಹುದು. ಊರಿಗೆ ಹೊಸಬರೊಬ್ಬರು ಬಂದು ಸಾಲ ಕೇಳಿದರೆ ಅವರ ಅಂಗಿಯ ಇಸ್ತ್ರಿಯನ್ನು ನೋಡಿ ಹಣ ಕೊಡುವವರುಂಟೇ? ಅವರ ಊರಿನ ನಾಲ್ಕು ಜನರನ್ನು ವಿಚಾರಿಸುತ್ತಾರೆ. ಮದುವೆಯ ಮಾತುಕತೆಗೆ ಮುನ್ನ ಎಷ್ಟು ಮನೆಗಳಲ್ಲಿ ವಿಚಾರಿಸುವುದಿಲ್ಲ! ಆಗ ಇರುವ ಎಚ್ಚರ ಅಂತರ್ಜಾಲದ ಮುಂದೆ ಕುಳಿತಾಗ ಏಕೆ ಇರಬಾರದು?

ಮೈಕ್ ಕಾಲ್‌ಫೀಲ್ಡ್ ಎಂಬ ಶಿಕ್ಷಣತಜ್ಞರು ಈ ಕ್ರಮವನ್ನು ಮಕ್ಕಳೂ ನೆನಪಿಟ್ಟುಕೊಳ್ಳಬಹುದಾದ ನಾಲ್ಕು ಹೆಜ್ಜೆಗಳಿಗೆ ಇಳಿಸಿದ್ದಾರೆ. ನಿಲ್ಲು, ಹೇಳುತ್ತಿರುವವರು ಯಾರೆಂದು ವಿಚಾರಿಸು, ಅದೇ ವಿಷಯಕ್ಕೆ ಇನ್ನೂ ಉತ್ತಮವಾದ ಆಕರ ಹುಡುಕು, ಮಾತಿನ ಮೂಲಕ್ಕೆ ಹೋಗು. ಕಿಟೆಲ್ ಕುರಿತ ವಾಕ್ಯಕ್ಕೆ ಇವನ್ನು ಅನ್ವಯಿಸಿ ನೋಡಬಹುದು.

ಒಂದನೆಯದು, ನಿಲ್ಲುವುದು. ‘ಏಕೈಕ’, ‘ಜಗತ್ತಿನಲ್ಲೇ ಮೊದಲ’, ‘ವಿಜ್ಞಾನಿಗಳು ಒಪ್ಪಿದ್ದಾರೆ’ ಎಂಬಂಥ ಮಾತು ಕಂಡೊಡನೆ ನಿಲ್ಲುವ ಅಭ್ಯಾಸ ಮಗುವಿಗೆ ಬರಬೇಕು. ಮನಸ್ಸಿಗೆ ಹೆಚ್ಚು ಹಿತವೆನಿಸುವ ಮಾತಿನ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು.

ಎರಡನೆಯದು, ಹೇಳುವವರನ್ನು ವಿಚಾರಿಸುವುದು. ಆ ಐದು ಪುಟಗಳಲ್ಲಿ ಲೇಖಕರ ಹೆಸರಿದೆಯೇ? ಐದರ ವಾಕ್ಯರಚನೆಯೂ ಅಕ್ಷರಶಃ ಒಂದೇ ಆಗಿದ್ದರೆ ಅವು ಒಂದನ್ನೊಂದು ನಕಲು ಮಾಡಿವೆ ಎಂದರ್ಥ. ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಹುಡುಕಿದರೆ ನಕಲುಗಳ ಸಾಲೇ ಎದುರು ನಿಲ್ಲುತ್ತದೆ. ಏಳನೆಯ ತರಗತಿಯ ಮಗು ಐದು ನಿಮಿಷದಲ್ಲಿ ಕಲಿಯಬಹುದಾದ ಉಪಾಯವಿದು.

ಮೂರನೆಯದು, ಉತ್ತಮ ಆಕರ. ಇಲ್ಲಿ ಹುಡುಕುವ ಪದಗಳೇ ಬದಲಾಗಬೇಕು. ‘ಕನ್ನಡದ ಹಿರಿಮೆ’ ಎಂದು ಹುಡುಕಿದರೆ ಹಿರಿಮೆಯೇ ಸಿಗುತ್ತದೆ. ‘ಮಲಯಾಳಂ ನಿಘಂಟು, ಹತ್ತೊಂಬತ್ತನೆಯ ಶತಮಾನ’ ಎಂದು ಹುಡುಕಿದರೆ ಗುಂಡರ್ಟ್ ಸಿಗುತ್ತಾರೆ. ತನ್ನ ಮಾತು ತಪ್ಪಾಗಿದ್ದರೆ ಅದಕ್ಕೆ ಪುರಾವೆ ಎಲ್ಲಿ ಸಿಕ್ಕೀತು ಎಂದು ಯೋಚಿಸಿ ಹುಡುಕುವುದು ಸಂಶೋಧನೆಯ ಮೊದಲ ಶಿಸ್ತು. ಫಲಿತಾಂಶಗಳ ಪಟ್ಟಿ ಬಂದೊಡನೆ ಮೊದಲನೆಯದನ್ನು ಒತ್ತದೆ, ಇಡೀ ಪಟ್ಟಿಯ ಮೇಲೆ ಕಣ್ಣಾಡಿಸಿ ಆರಿಸಿಕೊಳ್ಳುವುದನ್ನೂ ಕಲಿಸಬೇಕು. ವಿಕಿಪೀಡಿಯವನ್ನು ಮುಟ್ಟಲೇಬಾರದು ಎಂಬ ಹಳೆಯ ನಿಷೇಧಕ್ಕೆ ಅರ್ಥವಿಲ್ಲ. ಸತ್ಯಶೋಧಕರೂ ಅದನ್ನು ಬಳಸುತ್ತಾರೆ. ಅದರಲ್ಲಿ ನಿಲ್ಲದೆ, ಅದರ ಅಡಿಟಿಪ್ಪಣಿಗಳ ಮೂಲಕ ಮುಂದೆ ಸಾಗುತ್ತಾರೆ. ಸಾರ್ವಜನಿಕ ಗ್ರಂಥಾಲಯದ ಕಾರ್ಡಿದ್ದರೆ ವಿಶ್ವಕೋಶಗಳೂ ಪತ್ರಿಕೆಗಳ ಸಂಗ್ರಹಗಳೂ ಮನೆಯಿಂದಲೇ ಉಚಿತವಾಗಿ ದೊರೆಯುತ್ತವೆ ಎಂಬುದು ವಲಸೆ ಬಂದ ಅನೇಕ ಕುಟುಂಬಗಳಿಗೆ ಇನ್ನೂ ತಿಳಿದಿಲ್ಲ.

ನಾಲ್ಕನೆಯದು, ಮೂಲಕ್ಕೆ ಹೋಗುವುದು. ಬ್ರೌನ್ ಮತ್ತು ಮೋಲ್ಸ್‌ವರ್ತ್ ಅವರ ನಿಘಂಟುಗಳು ಷಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ಸಂಗ್ರಹದಲ್ಲಿವೆ. ಕಿಟೆಲರ ನಿಘಂಟು ಇಂಟರ್‌ನೆಟ್ ಆರ್ಕೈವ್‌ನಲ್ಲಿದೆ. ಮುಖಪುಟದ ಮೇಲಿನ ಇಸವಿಯನ್ನು ಮಗು ತನ್ನ ಕಣ್ಣಿನಿಂದ ನೋಡಬಹುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಜನರ ಮೊಮ್ಮಕ್ಕಳಿಗೆ ಇಷ್ಟು ಪ್ರಮಾಣ ಸಿಕ್ಕಿದ ಕಾಲ ಹಿಂದೆಂದೂ ಇರಲಿಲ್ಲ.

ಈ ಪಾಠಕ್ಕೆ ವರ್ಷಗಟ್ಟಲೆ ಸಮಯವೂ ಬೇಕಿಲ್ಲ. ಅಮೆರಿಕದ ಪ್ರೌಢಶಾಲೆಗಳಲ್ಲಿ ತಲಾ 50 ನಿಮಿಷಗಳ ಆರು ಪಾಠಗಳನ್ನು ಮಾಡಿ ನೋಡಿದ ಸ್ಟ್ಯಾನ್‌ಫರ್ಡ್ ತಂಡ, ವಿದ್ಯಾರ್ಥಿಗಳ ಆಕರ ಪರೀಕ್ಷೆಯ ಸಾಮರ್ಥ್ಯ ಗಮನಾರ್ಹವಾಗಿ ಬೆಳೆದುದನ್ನು ಕಂಡಿತು.

ಯಂತ್ರಬುದ್ಧಿಯ ಕಾಲದಲ್ಲಿ ಈ ಹೆಜ್ಜೆಗಳು ಇನ್ನಷ್ಟು ಅಗತ್ಯವಾಗಿವೆ. ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಸಾರ್ವಜನಿಕರ ಕೈಗೆ ಬಂತು. ಮುಂದಿನ ಜೂನ್‌ನಲ್ಲಿಯೇ, ಅದು ಸೃಷ್ಟಿಸಿದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 5,000 ಡಾಲರ್ ದಂಡ ವಿಧಿಸಿತು. ಅನುಭವಿ ವಕೀಲರೇ ಮೂಲವನ್ನು ತೆರೆದು ನೋಡಲಿಲ್ಲವೆಂದ ಮೇಲೆ ಮಕ್ಕಳ ಪಾಡೇನು? ಯಂತ್ರ ಕೊಟ್ಟ ಪುಸ್ತಕದ ಹೆಸರು ನಿಜವಾಗಿ ಯಾವುದಾದರೂ ಗ್ರಂಥಾಲಯದ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಈಗ ಮೊದಲ ಪಾಠವಾಗಬೇಕಿದೆ.

ಇಲ್ಲಿ ಒಂದು ಅಪಾಯವನ್ನೂ ಹೇಳಬೇಕು. ಅನುಮಾನವನ್ನಷ್ಟೇ ಕಲಿತ ಮಗು ಯಾವುದನ್ನೂ ನಂಬದ ಸ್ಥಿತಿಗೆ ಹೋಗಬಹುದು. ಎಲ್ಲವನ್ನೂ ನಂಬುವುದರಲ್ಲಿರುವ ಸೋಮಾರಿತನವೇ ಯಾವುದನ್ನೂ ನಂಬದಿರುವುದರಲ್ಲಿಯೂ ಇದೆ. ಎರಡು ಆಕರಗಳು ಬೇರೆ ಬೇರೆ ಮಾತು ಹೇಳಿದರೆ ಒಂದು ಸುಳ್ಳೆಂದೇ ಅಲ್ಲ. ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದು ಎಂದು ಹುಡುಕಿದ ಮಗುವಿಗೆ ಕೆಲವೆಡೆ ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಸಿಗುತ್ತದೆ. ಕೆಲವೆಡೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಕ್ಕಿದ, ಕ್ರಿ.ಶ. 370ರದೆಂದು ಹೇಳಲಾದ ಶಾಸನ ಸಿಗುತ್ತದೆ. ಹಲ್ಮಿಡಿ ಬೆಳಕಿಗೆ ಬಂದದ್ದು 1936ರಲ್ಲಿ. ತಾಳಗುಂದದ ಉತ್ಖನನ ನಡೆದದ್ದು ಕಳೆದ ದಶಕದಲ್ಲಿ. ಹಳೆಯ ಪುಸ್ತಕ ಸುಳ್ಳು ಹೇಳಲಿಲ್ಲ. ತನ್ನ ಕಾಲದವರೆಗೆ ತಿಳಿದುದನ್ನು ಹೇಳಿತು. ಹೊಸ ಪುರಾವೆ ಬಂದಾಗ ಹಳೆಯ ತಿಳಿವನ್ನು ತಿದ್ದಿಕೊಳ್ಳುವುದೇ ವಿದ್ವತ್ತು ಎಂಬುದನ್ನು ಮಗು ಇಲ್ಲಿ ಕಲಿಯುತ್ತದೆ.

ಇನ್ನು ಮನೆಯ ಪಾಲು. ಶಾಲೆಯಲ್ಲಿ ಕಲಿತದ್ದನ್ನು ಮಗು ಮನೆಗೆ ತರುತ್ತದೆ. ಮನೆಯಲ್ಲಿ ವಾಟ್ಸ್‌ಆ್ಯಪ್ ಸಂದೇಶವೊಂದನ್ನು ತಾತ ಗಟ್ಟಿಯಾಗಿ ಓದುತ್ತಿರುತ್ತಾರೆ: ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠ ಭಾಷೆಯೆಂದು ನಾಸಾ ಹೇಳಿದೆ. ಮಗು ಕೇಳುತ್ತದೆ: “ತಾತ, ಇದನ್ನು ಮೊದಲು ಹೇಳಿದವರು ಯಾರು?” ಈ ಪ್ರಶ್ನೆಗೆ ಉತ್ತರವಿದೆ. ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬ ಸಂಶೋಧಕರು 1985ರಲ್ಲಿ ಕೃತಕ ಬುದ್ಧಿಮತ್ತೆಯ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ವಾಕ್ಯದ ಅರ್ಥವನ್ನು ಬಿಡಿಸಿ ಹೇಳುವ ಸಂಸ್ಕೃತ ವೈಯಾಕರಣರ ಕ್ರಮಕ್ಕೂ ಕಂಪ್ಯೂಟರಿನಲ್ಲಿ ಜ್ಞಾನವನ್ನು ನಿರೂಪಿಸುವ ಕ್ರಮಕ್ಕೂ ಹೋಲಿಕೆಯಿದೆ ಎಂಬುದು ಅದರ ವಾದ. ಅದು ಒಬ್ಬ ಸಂಶೋಧಕರ ಲೇಖನ, ನಾಸಾದ ತೀರ್ಮಾನವಲ್ಲ. ವೈಯಾಕರಣರ ನಿಜವಾದ ಸಾಧನೆ ಆ ಲೇಖನದಲ್ಲಿದೆ. ವಾಟ್ಸ್‌ಆ್ಯಪ್ ಸಂದೇಶದಲ್ಲಿ ಅದರ ಸುಳಿವೂ ಇಲ್ಲ.

ಆದರೆ ಅನೇಕ ಮನೆಗಳಲ್ಲಿ ಈ ಹಂತಕ್ಕೆ ಹೋಗುವ ಮೊದಲೇ “ದೊಡ್ಡವರಿಗೆ ಎದುರು ಮಾತಾಡಬೇಡ” ಎಂಬ ಮಾತು ಬಂದುಬಿಡುತ್ತದೆ. ಆ ಕ್ಷಣದಲ್ಲಿ ಮಗು ಕಲಿಯುವ ಪಾಠ ಬೇರೆ: ಆಕರ ಕೇಳುವುದು ಅಂಕಕ್ಕಾಗಿ, ಮನೆಯಲ್ಲಿ ಅದು ಅವಿಧೇಯತೆ. ಶಾಲೆಯ ಆರು ಪಾಠಗಳನ್ನು ಮನೆಯ ಒಂದು ಗದರಿಕೆ ಅಳಿಸಿಹಾಕಬಲ್ಲದು.

ಇದು ಭಾಷಾಭಿಮಾನದ ಸಣ್ಣ ಉತ್ಪ್ರೇಕ್ಷೆಗಳ ಪ್ರಶ್ನೆಯಷ್ಟೇ ಆಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. 2018ರಲ್ಲಿ ಕರ್ನಾಟಕದ ಫೋನುಗಳಲ್ಲಿ ಮಕ್ಕಳ ಅಪಹರಣದ ವಿಡಿಯೊ ಒಂದು ಹರಿದಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದರಲ್ಲಿತ್ತು. ಅದು ಕರಾಚಿಯಲ್ಲಿ ತಯಾರಾದ, ಮಕ್ಕಳ ಸುರಕ್ಷತೆಯ ಜಾಗೃತಿ ಚಿತ್ರ. ಮಗುವನ್ನು ಮರಳಿಸಿ ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ವಲಸೆ ಕಾರ್ಮಿಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಅಪಹರಣಕಾರರೆಂದು ಬೆನ್ನಟ್ಟಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬನ ಪ್ರಾಣ ತೆಗೆಯಿತು. ಈ ವಿಡಿಯೊ ಎಲ್ಲಿಯದು, ಇದರ ಪೂರ್ಣ ರೂಪವೆಲ್ಲಿದೆ ಎಂಬುದು ಏಳನೆಯ ತರಗತಿಯ ಮಗುವಿಗೆ ಕಲಿಸಬಹುದಾದ ಪ್ರಶ್ನೆ. 2017ರಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನಕ್ಕೂ ಇಂಥ ಸಂದೇಶಗಳೇ ಅಡ್ಡಬಂದಿದ್ದವು. ಕೇರಳದ ಕಣ್ಣೂರು ಜಿಲ್ಲಾಡಳಿತ ಅದರಿಂದ ಪಾಠ ಕಲಿತು, 2018ರಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಿಗೆ ಸುಳ್ಳು ಸುದ್ದಿ ಗುರುತಿಸುವ ತರಗತಿಗಳನ್ನು ಆರಂಭಿಸಿತು. 2017ರ ಸೆಪ್ಟೆಂಬರಿನಲ್ಲಿ ಕೊಲೆಯಾದ ಗೌರಿ ಲಂಕೇಶ್ ಅವರ ಕೊನೆಯ ಸಂಪಾದಕೀಯದ ವಿಷಯವೂ ಸುಳ್ಳು ಸುದ್ದಿಯೇ ಆಗಿತ್ತು.

ಅಮೆರಿಕದಲ್ಲಿ ಕಾನೂನುಗಳು ಬರತೊಡಗಿವೆ. ಇಲಿನಾಯ್ 2021ರಲ್ಲಿ ಪ್ರೌಢಶಾಲೆಗಳಿಗೆ ಮಾಧ್ಯಮ ಸಾಕ್ಷರತೆಯ ಪಾಠವನ್ನು ಕಡ್ಡಾಯಗೊಳಿಸಿತು. ಕನ್ನಡ ಕುಟುಂಬಗಳು ಗಣನೀಯ ಸಂಖ್ಯೆಯಲ್ಲಿರುವ ನ್ಯೂಜೆರ್ಸಿ 2023ರ ಜನವರಿಯಲ್ಲಿ ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗೆ ಮಾಹಿತಿ ಸಾಕ್ಷರತೆಯನ್ನು ಕಲಿಸುವ ಕಾನೂನು ಮಾಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಆ ಹಾದಿ ಹಿಡಿಯಿತು. ಆದರೆ ಕಾನೂನು ಪುಸ್ತಕದಲ್ಲಿದ್ದು, ಶಾಲೆಯಲ್ಲಿ ಗ್ರಂಥಪಾಲಕರ ಹುದ್ದೆಯೇ ಇಲ್ಲದಿದ್ದರೆ ಕಲಿಸುವವರು ಯಾರು? ಶಾಲಾ ಮಂಡಳಿಯ ಸಭೆಗಳಲ್ಲಿ ಗಣಿತದ ವಿಶೇಷ ತರಗತಿಗಳಿಗಾಗಿ ದನಿಯೆತ್ತುವ ಪೋಷಕರು ಗ್ರಂಥಪಾಲಕರ ಹುದ್ದೆಗಾಗಿಯೂ ಒಮ್ಮೆ ದನಿಯೆತ್ತಬೇಕು. ಒಳ್ಳೆಯ ಆಕರಗಳಿಗೆ ಹಣ ತೆರಬೇಕಾದ, ಸುಳ್ಳು ಮಾತ್ರ ಪುಕ್ಕಟೆಯಾಗಿ ಸಿಗುವ ಲೋಕದಲ್ಲಿ ಉಚಿತ ಗ್ರಂಥಾಲಯ ಸಮಾನತೆಯ ಪ್ರಶ್ನೆಯೂ ಹೌದು.

ಪ್ರಶ್ನಿಸುವುದನ್ನು ಕನ್ನಡಿಗರು ಪರದೇಶದಿಂದ ಎರವಲು ತರಬೇಕಿಲ್ಲ. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬೆಂಗಳೂರಿನ ನ್ಯಾಷನಲ್ ಕಾಲೇಜಿಗೆ ಮರಳಿದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿದರು. ಪ್ರಶ್ನಿಸದೆ ಒಪ್ಪಬಾರದೆಂಬುದನ್ನು ಅವರು ಬದುಕಿನುದ್ದಕ್ಕೂ ಮಕ್ಕಳಿಗೆ ಹೇಳುತ್ತ ಬಂದರು.

ಕೊನೆಗೆ ಕಿಟೆಲರ ನಿಘಂಟಿಗೇ ಮರಳಬಹುದು. ಅದರ ಯಾವ ಪುಟವನ್ನು ತೆರೆದರೂ ಪದದ ಅರ್ಥದ ಪಕ್ಕದಲ್ಲಿ ಪುಟ್ಟ ಸಂಕೇತಾಕ್ಷರಗಳು ಕಾಣುತ್ತವೆ. ಈ ಪ್ರಯೋಗ ಶಬ್ದಮಣಿದರ್ಪಣದ್ದು, ಇದು ಬಸವಪುರಾಣದ್ದು, ಇದು ಜನರ ಗಾದೆ ಎಂದು ಅವು ಹೇಳುತ್ತವೆ. ನೂರಾ ಮೂವತ್ತು ವರ್ಷಗಳ ಹಿಂದೆ, ಪದ ಪದಕ್ಕೂ ಅದನ್ನು ಎಲ್ಲಿಂದ ಪಡೆದೆನೆಂದು ಬರೆದಿಟ್ಟ ಕೃತಿ ಅದು. ಅದರ ಬಗ್ಗೆ ಆಡುವ ಮಾತಿಗೆ ಆಕರವಿಲ್ಲದಿದ್ದರೆ ಕಿಟೆಲರಿಗೆ ಸಲ್ಲುವ ಗೌರವ ಯಾವುದು? ಮುಂದಿನ ನವೆಂಬರಿನಲ್ಲಿ ಮಗುವೊಂದು ವೇದಿಕೆಗೆ ಬಂದು, ಬ್ರೌನ್, ಗುಂಡರ್ಟ್, ರೀವ್ ಅವರ ಹೆಸರುಗಳನ್ನೂ ಹೇಳಿ, ಅವರ ನಡುವೆ ಕಿಟೆಲರನ್ನು ನಿಲ್ಲಿಸಿ, ಇಸವಿಗಳನ್ನು ತಾನೇ ಮುಖಪುಟದಲ್ಲಿ ನೋಡಿದ್ದೇನೆ ಎಂದು ಹೇಳಲಿ. ಆಗ ಸಭೆಯಲ್ಲಿರುವ ಹಿರಿಯರು ಎರಡು ಪಟ್ಟು ಜೋರಾಗಿ ಚಪ್ಪಾಳೆ ತಟ್ಟಲಿ.